ಲಿಮಿಟ್ ಹೋಲ್ಡೆಮ್‌ನಲ್ಲಿ ದೊಡ್ಡ ಫ್ಲಶ್ ಬಂದಾಗ: ಈಗಲೇ ಏರಿಸುವುದಾ, ಕಾಯುವುದಾ?

ಪೋಕರ್ ಮೇಜಿನಲ್ಲಿ ಆ ಕೈ ನಾನೇ ಗೆದ್ದೆ. ಪಾಟ್‌ನಲ್ಲಿ, ಅಂದರೆ ಎಲ್ಲರೂ ಹಾಕಿದ ದುಡ್ಡಿನ ರಾಶಿಯಲ್ಲಿ, 132 ಡಾಲರ್ ಇತ್ತು, ಪಕ್ಕದಲ್ಲಿ ಕೂತವರು ಚೆನ್ನಾಗಿ ಆಡಿದಿರಿ ಅಂದರು, ಚಿಪ್ಸ್ ಎಳೆದುಕೊಂಡೆ. ರಾತ್ರಿ ಕಾರು ಓಡಿಸಿಕೊಂಡು ಮನೆಗೆ ಬರುವಾಗ ಸುಮ್ನೆ ಲೆಕ್ಕ ಹಾಕಿದೆ. ಅದೇ ಕೈಯನ್ನು ಬೇರೆ ಥರ ಆಡಿದ್ದರೆ, ಮೇಜಿನ ಮೇಲೆ ಇನ್ನೂ ಮೂರೇ ಎಲೆ ಇದ್ದಾಗಲೇ ಆ 132 ಡಾಲರ್ ಪಾಟ್‌ಗೆ ಬಂದುಬಿಡುತ್ತಿತ್ತು. ಬೆಟ್ ದುಪ್ಪಟ್ಟಾಗುವ ಎರಡು ಸುತ್ತು ಆಮೇಲೂ ಬಾಕಿ ಇರುತ್ತಿದ್ದವು.

ಸೋತ ಕೈ ನೆನಪಿನಲ್ಲಿ ಉಳಿಯುತ್ತದೆ. ಯಾಕೆ ಸೋತೆ ಅಂತ ನಾವೇ ಕೆದಕಿ ನೋಡುತ್ತೇವೆ. ಕಡಿಮೆ ಗೆದ್ದ ಕೈಯನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ಹಾಗಾಗಿ ಇಲ್ಲಿ ಅದನ್ನೇ ನೋಡೋಣ. ಫ್ಲಾಪಿನಲ್ಲೇ, ಅಂದರೆ ಮೇಜಿನ ಮೇಲೆ ಮೊದಲ ಮೂರು ಎಲೆ ಬಿದ್ದಾಗಲೇ, ದೊಡ್ಡ ಫ್ಲಶ್ (ಒಂದೇ ಗುರುತಿನ ಐದು ಎಲೆ) ಸಿಕ್ಕರೆ ನಮ್ಮ ಮುಂದೆ ನಾಲ್ಕು ದಾರಿ ಇರುತ್ತವೆ. ನೇರವಾಗಿ ಬೆಟ್ ಹಾಕಬಹುದು. ಚೆಕ್ ಮಾಡಿ (ದುಡ್ಡು ಹಾಕದೆ ಸರದಿ ದಾಟಿಸಿ), ಬೇರೆಯವರು ಬೆಟ್ ಹಾಕಿದ ಮೇಲೆ ಏರಿಸಬಹುದು. ಫ್ಲಾಪಿನಲ್ಲಿ ಸುಮ್ಮನೆ ಕಾಲ್ ಮಾಡಿ (ಬಂದ ಬೆಟ್‌ನಷ್ಟೇ ಹಾಕಿ), ಬೆಟ್ ದೊಡ್ಡದಾಗುವ ನಾಲ್ಕನೇ ಎಲೆಯ ಸುತ್ತಿನಲ್ಲಿ, ಅಂದರೆ ಟರ್ನ್‌ನಲ್ಲಿ ಏರಿಸಬಹುದು. ಇಲ್ಲವೇ ಐದನೇ, ಕೊನೆಯ ಎಲೆಯ ತನಕ, ಅಂದರೆ ರಿವರ್ ತನಕ ಅಡಗಿ ಕೂರಬಹುದು. ಕೊನೆಯದನ್ನು ಈಗಲೇ ಪಕ್ಕಕ್ಕಿಡುತ್ತೇನೆ. ಮೂರು ನಾಲ್ಕು ಜನ ಕೈಯಲ್ಲಿರುವ ಲಿಮಿಟ್ ಆಟದಲ್ಲಿ ಅದು ದುಡ್ಡು ಬಿಟ್ಟುಕೊಡುವ ದಾರಿ. ಉಳಿದ ಮೂರರ ಮಧ್ಯೆ ಆಯ್ಕೆ ನಿಜಕ್ಕೂ ಕಷ್ಟ.

ಮೊದಲು ಆಟದ ಬಗ್ಗೆ ಎರಡು ಮಾತು. ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ನಮ್ಮೂರಿನ ಮೂರೆಲೆ ಆಟ, ಅಂದರೆ ತೀನ್ ಪತ್ತಿ ಆಡಿ ಬಂದವರಿಗೆ ಒಂದು ಗೊಂದಲ ಆಗುತ್ತದೆ. ಅಲ್ಲಿ ಕಲರ್‌ಗಿಂತ ಸೀಕ್ವೆನ್ಸ್ ದೊಡ್ಡದು. ಇಲ್ಲಿ ಉಲ್ಟಾ. ಒಂದೇ ಗುರುತಿನ ಐದು ಎಲೆ ಬಂದರೆ ಅದು ಫ್ಲಶ್, ಅದು ಸ್ಟ್ರೇಟ್ ಅನ್ನು, ಅಂದರೆ ಸೀಕ್ವೆನ್ಸ್ ಅನ್ನು ಸೋಲಿಸುತ್ತದೆ. ಅದಕ್ಕಿಂತ ಮೇಲೆ ಫುಲ್ ಹೌಸ್ (ಒಂದೇ ಥರದ ಮೂರು ಎಲೆ, ಜೊತೆಗೆ ಒಂದು ಜೋಡಿ), ನಾಲ್ಕು ಒಂದೇ ಎಲೆ, ಸ್ಟ್ರೇಟ್ ಫ್ಲಶ್ ಮಾತ್ರ.

ಲಿಮಿಟ್ ಅಂದರೆ ಬೆಟ್‌ನ ಅಳತೆ ಮೊದಲೇ ಗೊತ್ತಿರುತ್ತದೆ. 8-16 ಡಾಲರ್ ಆಟ ಅಂದರೆ ಮೊದಲ ಸುತ್ತು ಮತ್ತು ಫ್ಲಾಪಿನಲ್ಲಿ 8 ಡಾಲರ್ ಲೆಕ್ಕದಲ್ಲಿ ಬೆಟ್, 8 ಡಾಲರ್ ಲೆಕ್ಕದಲ್ಲೇ ಏರಿಕೆ. ಟರ್ನ್ ಮತ್ತು ರಿವರ್‌ನಲ್ಲಿ 16. ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದು ಬೆಟ್, ಮೂರು ಏರಿಕೆ. ಅಲ್ಲಿಗೆ ಕ್ಯಾಪ್. ಕೆಲವು ಕಡೆ ನಾಲ್ಕು ಏರಿಕೆ ಬಿಡುತ್ತಾರೆ. ನೋ ಲಿಮಿಟ್‌ನಲ್ಲಿ ಫ್ಲಾಪ್ ಪೂರ್ತಿ ಅಡಗಿ ಕೂತರೂ ಕೊನೆಗೆ ಇದ್ದಬದ್ದ ಚಿಪ್ಸ್ ಎಲ್ಲ ಮುಂದೆ ತಳ್ಳಿ ಕಳೆದುಕೊಂಡದ್ದನ್ನು ವಾಪಸ್ ತರಬಹುದು. ಇಲ್ಲಿ ಆಗುವುದಿಲ್ಲ. ಫ್ಲಾಪಿನಲ್ಲಿ ಬಿಟ್ಟ ಬೆಟ್ ಬಿಟ್ಟ ಹಾಗೆಯೇ. ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋ ಲಿಮಿಟ್ ನೋಡಿ ನೋಡಿ ಅದೇ ಅಭ್ಯಾಸವನ್ನು ಲಿಮಿಟ್ ಮೇಜಿಗೆ ತಂದವರಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ. ನನಗೂ ಹಾಗೇ ಆಯಿತು.

ಇನ್ನೊಂದು ಮಾತು. ನಾನು ಆಡುವುದು ಕ್ಯಾಲಿಫೋರ್ನಿಯಾದಲ್ಲಿ, ಬೇ ಏರಿಯಾ ಕಡೆ. ಇಲ್ಲಿನ ಕಾರ್ಡ್ ರೂಮ್‌ಗಳಿಗೆ ಹೋಲ್ಡೆಮ್ ಕಾಲಿಟ್ಟದ್ದು 1987ರಲ್ಲಿ. ಅದಕ್ಕೂ ಮುಂಚೆ ಈ ಆಟಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಈ ಕಡೆ ಲಿಮಿಟ್ ಮೇಜುಗಳು ಇನ್ನೂ ಉಳಿದಿವೆ, ಕನ್ನಡ ಮಾತಾಡುವ ಸಾಫ್ಟ್‌ವೇರ್ ಮಂದಿ ವಾರದ ಕೊನೆಯಲ್ಲಿ ಅಲ್ಲಿ ಸಿಗುತ್ತಾರೆ. ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಇದು ಆಟ ಅರ್ಥ ಮಾಡಿಕೊಳ್ಳಲಿಕ್ಕೆ ಅಷ್ಟೇ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಲೆಕ್ಕ ಕಲಿಯಲು ದುಡ್ಡು ಬೇಕಾಗಿಲ್ಲ, ಮನೆಯಲ್ಲಿ ಬಟನ್ ಅಥವಾ ಹುಣಸೆ ಬೀಜ ಇಟ್ಟುಕೊಂಡರೂ ಸಾಕು.

ಈಗ ಆ ಕೈ

ನಾನು ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ 8 ಡಾಲರ್ ಹಾಕಬೇಕಾದ ಜಾಗ. ಕೈಯಲ್ಲಿ ಆಟೀನ್ ರಾಜ, ಆಟೀನ್ ಒಂಬತ್ತು. ನನ್ನ ಎಡಕ್ಕೇ ಕೂತಿದ್ದ ಹಿರಿಯರೊಬ್ಬರು ಮೊದಲ ಜಾಗದಿಂದ ಏರಿಸಿದರು. ಮಧ್ಯದ ಇಬ್ಬರು ಕಾಲ್ ಮಾಡಿದರು. ಸ್ಮಾಲ್ ಬ್ಲೈಂಡ್, ಅಂದರೆ ಹಾಗೆಯೇ ಮೊದಲೇ 4 ಡಾಲರ್ ಹಾಕಿದ್ದವರು, ಎಲೆ ಬಿಟ್ಟರು. ನಾನೂ ಕಾಲ್ ಮಾಡಿದೆ. ನಾಲ್ಕು ಜನ, ತಲಾ 16 ಡಾಲರ್, ಜೊತೆಗೆ ಬಿಟ್ಟುಹೋದ 4 ಡಾಲರ್. ಪಾಟ್ 68. ಕ್ಲಬ್ಬಿನ ಪಾಲನ್ನು ಈ ಬರಹದಲ್ಲಿ ಎಲ್ಲೂ ಲೆಕ್ಕಕ್ಕೆ ಹಿಡಿದಿಲ್ಲ.

ಫ್ಲಾಪ್: ಆಟೀನ್ ರಾಣಿ, ಆಟೀನ್ ಏಳು, ಆಟೀನ್ ನಾಲ್ಕು.

ಒಂದೇ ಗುರುತಿನ ಎರಡು ಎಲೆ ಹಿಡಿದವರಿಗೆ ಫ್ಲಾಪಿನಲ್ಲೇ ಫ್ಲಶ್ ಸಿಗುವುದು ಸುಮಾರು 119 ಸಲಕ್ಕೆ ಒಮ್ಮೆ. ಗಂಟೆಗೆ 30 ಕೈ ನಡೆಯುವ ಮೇಜಿನಲ್ಲಿ, ಅದರಲ್ಲೂ ಆಡಲು ಯೋಗ್ಯವಾದ ಎಲೆಗಳಲ್ಲೇ ಬರಬೇಕು ಅಂದರೆ, ಇದು ಎಷ್ಟು ಅಪರೂಪ ಅಂತ ಯೋಚಿಸಿ. ಅಪರೂಪಕ್ಕೆ ಬಂದದ್ದನ್ನು ಜೋಪಾನ ಮಾಡಬೇಕು, ಯಾರನ್ನೂ ಹೆದರಿಸಿ ಓಡಿಸಬಾರದು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಚೆಕ್ ಮಾಡಿದೆ. ಹಿರಿಯರು 8 ಹಾಕಿದರು, ಇಬ್ಬರೂ ಕಾಲ್, ನಾನೂ ಕಾಲ್. ಪಾಟ್ 100. ಟರ್ನ್‌ನಲ್ಲಿ ಏರಿಸೋಣ ಅಂತ ನನ್ನ ಲೆಕ್ಕ.

ಟರ್ನ್‌ಗೆ ಆಟೀನ್ ಎರಡು ಬಂತು. ಮೇಜಿನ ಮೇಲೆ ನಾಲ್ಕು ಆಟೀನ್. ನಾನು ಚೆಕ್ ಮಾಡಿದೆ. ಎಲ್ಲರೂ ಚೆಕ್ ಮಾಡಿದರು. ರಿವರ್‌ನಲ್ಲಿ ಏನೂ ಅಲ್ಲದ ಎಲೆ. ನಾನು 16 ಹಾಕಿದೆ, ಹಿರಿಯರೊಬ್ಬರೇ ಕಾಲ್ ಮಾಡಿ ಎಲೆ ತೋರಿಸಿದರು. ಎರಡೂ ಕಪ್ಪು ಎಕ್ಕ. ಅಂದರೆ ಫ್ಲಾಪಿನಲ್ಲಿ ನಾನು ಏರಿಸಿದ್ದರೆ ಅವರು ಬಿಡುತ್ತಿರಲಿಲ್ಲ. ಬಹುಶಃ ಮತ್ತೆ ಏರಿಸುತ್ತಿದ್ದರು. ಮಧ್ಯದ ಇಬ್ಬರು ಆಗಲೇ ತಲಾ 8 ಹಾಕಿ ಕೂತಿದ್ದರು, ಇನ್ನೊಂದು 8 ಹಾಕುವುದು ಅವರಿಗೆ ಭಾರವಾಗುತ್ತಿರಲಿಲ್ಲ. ನಾಲ್ಕು ಜನ ತಲಾ 16 ಅಂದರೆ 64. ಮೊದಲಿದ್ದ 68ಕ್ಕೆ ಸೇರಿಸಿ. 132.

ಎರಡು ದಾರಿಯ ಲೆಕ್ಕ

ಒಂದು ಕೈಯಲ್ಲಿ ಹೀಗಾಯಿತು ಅಂದ ಮಾತ್ರಕ್ಕೆ ಆ ದಾರಿ ತಪ್ಪು ಅಂತ ಹೇಳಲು ಬರುವುದಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಎದುರಾಳಿಗಳಿಂದ ಬರುವ ದುಡ್ಡನ್ನು ಮಾತ್ರ ಎಣಿಸುತ್ತೇನೆ. ರಿವರ್ ಸುತ್ತನ್ನು ಎರಡೂ ಕಡೆಯಿಂದ ಬಿಟ್ಟಿದ್ದೇನೆ. ಟರ್ನ್‌ಗೆ ಬರುವಾಗ ಮೂವರಲ್ಲಿ ಒಬ್ಬರು ಬಿಡುತ್ತಾರೆ, ಇಬ್ಬರು ಉಳಿಯುತ್ತಾರೆ ಅಂತ ಇಟ್ಟುಕೊಳ್ಳೋಣ.

ಫ್ಲಾಪಿನಲ್ಲೇ ಚೆಕ್-ರೇಸ್ ಮಾಡಿದರೆ (ಮೊದಲು ಚೆಕ್ ಮಾಡಿ, ಬೆಟ್ ಬಂದ ಮೇಲೆ ಏರಿಸಿದರೆ) ಮೂವರಿಂದ ತಲಾ 16, ಅಂದರೆ 48. ಟರ್ನ್‌ನಲ್ಲಿ ನಾನೇ 16 ಬೆಟ್ ಹಾಕಿ ಇಬ್ಬರು ಕಾಲ್ ಮಾಡಿದರೆ 32. ಒಟ್ಟು 80.

ಫ್ಲಾಪಿನಲ್ಲಿ ಬರೀ ಕಾಲ್ ಮಾಡಿ ಟರ್ನ್‌ನಲ್ಲಿ ಚೆಕ್-ರೇಸ್ ಮಾಡಿದರೆ ಫ್ಲಾಪಿನಲ್ಲಿ 24, ಟರ್ನ್‌ನಲ್ಲಿ ಇಬ್ಬರಿಂದ ತಲಾ 32, ಅಂದರೆ 64. ಒಟ್ಟು 88.

ನೋಡಿ, ಕಾಯುವುದೇ 8 ಡಾಲರ್ ಜಾಸ್ತಿ ಕೊಡುತ್ತದೆ. ಎಲ್ಲ ಅಂದುಕೊಂಡ ಹಾಗೆ ನಡೆದರೆ. ನಡೆಯದಿದ್ದರೆ? ಟರ್ನ್‌ನಲ್ಲಿ ನಾನು ಚೆಕ್ ಮಾಡಿ, ನನ್ನ ಆಮೇಲೆ ಆಡುವ ಹಿಂದಿನವರೂ ಚೆಕ್ ಮಾಡಿಬಿಟ್ಟರೆ ನನಗೆ ಬಂದದ್ದು ಬರೀ 24. 80ರ ಬದಲು 24. ಹಾಗಾದರೆ ಕಾಯುವುದು ಲಾಭ ಆಗಬೇಕಾದರೆ ಟರ್ನ್‌ನಲ್ಲಿ ಬೇರೆ ಯಾರಾದರೂ ಬೆಟ್ ಹಾಕುವ ಸಾಧ್ಯತೆ ಎಷ್ಟಿರಬೇಕು? ಲೆಕ್ಕ ಮಾಡಿದರೆ 8ರಲ್ಲಿ 7 ಸಲ ಬರುತ್ತದೆ. ಶೇ. 87.5. ಅದಕ್ಕಿಂತ ಒಂದು ಚೂರು ಕಡಿಮೆಯಾದರೂ ಫ್ಲಾಪಿನಲ್ಲೇ ಏರಿಸಿದ್ದರೆ ಚೆನ್ನಾಗಿತ್ತು.

ಈಗ ಟರ್ನ್‌ಗೆ ಏನೇನು ಬರಬಹುದು ನೋಡಿ. ನನಗೆ ಕಾಣದ 47 ಎಲೆಗಳಿವೆ. ಅದರಲ್ಲಿ 8 ಆಟೀನ್. ಇನ್ನೂ 9 ಎಲೆ ರಾಣಿ, ಏಳು ಅಥವಾ ನಾಲ್ಕಕ್ಕೆ ಜೋಡಿಯಾಗುತ್ತವೆ. ಮೊದಲನೆಯದು ಬಂದರೆ ಕೈಯಲ್ಲಿ ಆಟೀನ್ ಇಲ್ಲದವರ ಧೈರ್ಯ ಹೋಗುತ್ತದೆ. ಎರಡನೆಯದು ಬಂದರೆ ಯಾರಿಗಾದರೂ ಫುಲ್ ಹೌಸ್ ಆಗಿರಬಹುದು ಅಂತ ಎಲ್ಲರೂ ಮೆಲ್ಲಗೆ ಆಡುತ್ತಾರೆ. ಒಟ್ಟು 17 ಎಲೆ. 47ರಲ್ಲಿ 17 ಅಂದರೆ ಶೇ. 36. ಮೂರು ಸಲಕ್ಕೆ ಒಂದಕ್ಕಿಂತ ಜಾಸ್ತಿ ಸಲ ಟರ್ನ್ ಎಲೆಯೇ ಆಟವನ್ನು ತಣ್ಣಗೆ ಮಾಡುತ್ತದೆ. ಇಂಥದ್ದರಲ್ಲಿ 8ರಲ್ಲಿ 7 ಸಲ ಬೆಟ್ ಹಾಕುವವರನ್ನು ಎಲ್ಲಿಂದ ಹುಡುಕುವುದು? ಸಿಗುತ್ತಾರೆ, ಇಲ್ಲ ಅಂತಲ್ಲ. ಯಾವ ಎಲೆ ಬಂದರೂ ಚಿಪ್ಸ್ ತಳ್ಳುವವರು ಪ್ರತಿ ಮೇಜಿನಲ್ಲೂ ಒಬ್ಬರು ಇರುತ್ತಾರೆ. ಆ ಒಬ್ಬರು ನಿಮ್ಮ ಎಡಕ್ಕೆ ಕೂತಿದ್ದು, ಅವರ ಆಟ ನೀವು ಗಂಟೆಗಟ್ಟಲೆ ನೋಡಿದ್ದರೆ ಮಾತ್ರ ಮುಂದಿನ ಜಾಗದಿಂದ, ಅಂದರೆ ಮೊದಲು ಆಡಬೇಕಾದ ಜಾಗದಿಂದ, ಕಾಯಿರಿ.

ಇದರ ಮೇಲೆ ಬಿಟ್ಟಿ ಎಲೆಯ ನಷ್ಟ ಬೇರೆ. ಎದುರಿನವರ ಹತ್ತಿರ ಒಂಟಿ ಆಟೀನ್ ಎಕ್ಕ ಇದೆ ಅಂದುಕೊಳ್ಳಿ. ಅವರಿಗೆ ಬೇಕಾದ ಆಟೀನ್ 7 ಎಲೆ. ಟರ್ನ್ ಮತ್ತು ರಿವರ್ ಎರಡೂ ಸೇರಿ ಅವರು ಗೆಲ್ಲುವ ಸಾಧ್ಯತೆ ಸುಮಾರು ಶೇ. 29, ಒಂದೊಂದು ಎಲೆಗೆ ಶೇ. 15ರ ಹತ್ತಿರ. ಇಷ್ಟು ದೊಡ್ಡ ಪಾಟ್ ಇದ್ದಾಗ ಅವರು 8 ಡಾಲರ್ ಕೊಟ್ಟು ಕಾಲ್ ಮಾಡುವುದು ಸರಿಯೇ, ಅವರನ್ನು ಓಡಿಸಲು ನಮ್ಮಿಂದ ಆಗುವುದಿಲ್ಲ. ಆದರೆ ಹೊಸದಾಗಿ ಬೀಳುವ ಪ್ರತಿ ಡಾಲರ್‌ನಲ್ಲಿ 71 ಸೆಂಟ್ ನಮ್ಮದು. ಅವರು ಹೇಗೂ ಇರುತ್ತಾರೆ ಅಂದ ಮೇಲೆ ಒಂದು ಬೆಟ್ ಕೊಟ್ಟು ಇರಲಿ ಅಂತ ಬಿಡುವುದಕ್ಕಿಂತ ಎರಡು ಕೊಡಿಸುವುದು ಮೇಲು. ಬಿಟ್ಟಿಯಾಗಿ ಎಲೆ ತೋರಿಸುವುದಂತೂ ಬೇಡವೇ ಬೇಡ.

ಸೆಟ್ ಹಿಡಿದವರ ಕಥೆಯೂ ಹಾಗೇ. ಕೈಯಲ್ಲಿ ಏಳರ ಜೋಡಿ ಇದ್ದವರಿಗೆ ಈ ಫ್ಲಾಪಿನಲ್ಲಿ ಮೂರು ಏಳು ಆಗಿರುತ್ತದೆ. ಅವರು ರಿವರ್ ಒಳಗೆ ಫುಲ್ ಹೌಸ್ ಅಥವಾ ಅದಕ್ಕಿಂತ ದೊಡ್ಡದು ಮಾಡುವ ಸಾಧ್ಯತೆ ಶೇ. 35ರ ಹತ್ತಿರ. ಎರಡು ಜೋಡಿ ಇದ್ದವರಿಗೆ ಶೇ. 17. ಇವರೆಲ್ಲ ಫ್ಲಾಪಿನಲ್ಲಿ ಎಷ್ಟು ಏರಿಸಿದರೂ ಜೊತೆಗೆ ಬರುತ್ತಾರೆ. ಟರ್ನ್‌ನಲ್ಲಿ ಕೆಟ್ಟ ಎಲೆ ಬಂದ ಮೇಲೆ ಅದೇ ಜನ ಬರುವುದಿಲ್ಲ, ಬಂದರೆ ಗೆದ್ದಿರುತ್ತಾರೆ.

ಜಾಗ ಬದಲಾದರೆ ಉತ್ತರವೂ ಬದಲಾಗುತ್ತದೆ

ಕಾಯುವುದು ಯಾವಾಗಲೂ ತಪ್ಪು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಲೆಕ್ಕವನ್ನು ಬಟನ್ ಮೇಲೆ, ಅಂದರೆ ಫ್ಲಾಪಿನಿಂದ ಮುಂದೆ ಎಲ್ಲರಿಗಿಂತ ಕೊನೆಗೆ ಆಡುವ ಜಾಗದಲ್ಲಿ, ಕೂತು ಮಾಡಿದಾಗ ನನಗೇ ಆಶ್ಚರ್ಯವಾಯಿತು.

ನಾನು ಕೊನೆಯ ಜಾಗದಲ್ಲಿದ್ದೇನೆ. ಫ್ಲಾಪಿನಲ್ಲಿ ಮುಂದಿನವರು 8 ಹಾಕಿದರು, ಇನ್ನೊಬ್ಬರು ಕಾಲ್. ಈಗ ಏರಿಸಿದರೆ ಇಬ್ಬರಿಂದ 32. ಟರ್ನ್‌ನಲ್ಲಿ ಅವರು ಚೆಕ್ ಮಾಡುತ್ತಾರೆ, ನಾನು 16 ಹಾಕುತ್ತೇನೆ, ಇಬ್ಬರೂ ಕಾಲ್ ಮಾಡಿದರೆ ಇನ್ನೊಂದು 32. ಒಟ್ಟು 64. ಬರೀ ಕಾಲ್ ಮಾಡಿ ಕಾದರೆ ಫ್ಲಾಪಿನಲ್ಲಿ 16. ಟರ್ನ್‌ನಲ್ಲಿ ಅವರು ಮತ್ತೆ ಬೆಟ್ ಹಾಕಿ, ನಾನು ಏರಿಸಿ, ಇಬ್ಬರೂ ಉಳಿದರೆ 64. ಒಟ್ಟು 80. ಇನ್ನು ಟರ್ನ್‌ನಲ್ಲಿ ಅವರು ಹೆದರಿ ಚೆಕ್ ಮಾಡಿದರೂ ಸುತ್ತು ವ್ಯರ್ಥವಾಗುವುದಿಲ್ಲ. ಕೊನೆಯವನು ನಾನು, ನಾನೇ 16 ಹಾಕುತ್ತೇನೆ. ಆಗ 16 ಮತ್ತು 32, ಒಟ್ಟು 48.

ಕಾದು ಕೆಟ್ಟರೂ 48, ಕಾದು ಗೆದ್ದರೆ 80, ಕಾಯದಿದ್ದರೆ 64. ಈಗ ಬೇಕಾದ ಸಾಧ್ಯತೆ ಸರಿಯಾಗಿ ಅರ್ಧ. ಮುಂದಿನ ಜಾಗದಲ್ಲಿ 8ಕ್ಕೆ 7, ಕೊನೆಯ ಜಾಗದಲ್ಲಿ 2ಕ್ಕೆ 1. ಇಲ್ಲಿ ಎದುರಾಳಿ ಒಬ್ಬರು ಕಡಿಮೆ, ನಿಜ, ಆದರೆ ದೊಡ್ಡ ವ್ಯತ್ಯಾಸ ಕುರ್ಚಿಯದ್ದು. ಫ್ಲಶ್ ಎಷ್ಟು ದೊಡ್ಡದು ಅನ್ನುವುದನ್ನೇ ನೋಡುತ್ತಾ ಕೂತಿದ್ದ ನನಗೆ ಇದನ್ನು ಕಂಡ ಮೇಲೆ ಇಡೀ ಪ್ರಶ್ನೆ ಬೇರೆಯಾಗಿ ಕಾಣತೊಡಗಿತು. ಬೇಗ ಆಡುವುದಾ ನಿಧಾನ ಆಡುವುದಾ ಅನ್ನುವುದು ಆಮೇಲಿನ ಮಾತು. ಮುಂದಿನ ಬೆಟ್ ಯಾರ ಕೈಯಿಂದ ಬರಬೇಕು, ಅದು ಬಾರದಿದ್ದರೆ ನಾನು ಹಾಕಬಲ್ಲೆನಾ, ಇದು ಮೊದಲನೆಯದು.

ಹಾಗಂತ ಬಟನ್ ಮೇಲೆ ಯಾವಾಗಲೂ ಕಾಯಿರಿ ಅನ್ನುತ್ತಿಲ್ಲ. ಶೇ. 36ರ ಆ ತಣ್ಣನೆಯ ಎಲೆಗಳನ್ನು ನೆನಪಿಡಿ. ಉಳಿದ ಶೇ. 64ರಲ್ಲೂ ಎಲ್ಲರೂ ಎರಡನೇ ಸಲ ಬೆಟ್ ಹಾಕುವುದಿಲ್ಲ. ಐದರಲ್ಲಿ ನಾಲ್ಕು ಸಲ ಹಾಕುವವರಾದರೂ ಒಟ್ಟು ಅರ್ಧದ ಆಸುಪಾಸಿಗೆ ಬಂದು ನಿಲ್ಲುತ್ತದೆ, ಅಂದರೆ ಎರಡೂ ಸಮ. ಇನ್ನೊಂದು ವಿಷಯ ಈ ಲೆಕ್ಕದಲ್ಲಿ ಬಂದೇ ಇಲ್ಲ. ಫ್ಲಾಪಿನಲ್ಲಿ ಏರಿಸಿದಾಗ ಸೆಟ್ ಇದ್ದವರು, ಆಟೀನ್ ಎಕ್ಕದ ಜೊತೆ ಜೋಡಿ ಇದ್ದವರು ಮತ್ತೆ ಏರಿಸುತ್ತಾರೆ. ಆಗ ಫ್ಲಾಪಿನಲ್ಲೇ ಮೂರು ನಾಲ್ಕು ಬೆಟ್ ಸಿಗುತ್ತವೆ. ಅದಕ್ಕೇ ನನ್ನ ಅಭ್ಯಾಸ ಹೀಗೆ: ಬೆಟ್ ಹಾಕಿದವರು ಜೋರಿನವರು, ಬಿಡದೆ ಒತ್ತುವವರು ಆದರೆ ಬಟನ್‌ನಿಂದ ಕಾಯುತ್ತೇನೆ. ಉಳಿದ ಎಲ್ಲರ ಎದುರು ಫ್ಲಾಪಿನಲ್ಲೇ ಏರಿಸುತ್ತೇನೆ.

ಇಲ್ಲಿ ಕೆಲವರು ಕಂಪ್ಯೂಟರ್ ವಿಷಯ ಎತ್ತುತ್ತಾರೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ತಂಡ 2015ರಲ್ಲಿ ಸೆಫಿಯಸ್ ಅನ್ನುವ ಪ್ರೋಗ್ರಾಂ ಮೂಲಕ ಇಬ್ಬರು ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಹೆಚ್ಚುಕಡಿಮೆ ಪೂರ್ತಿ ಬಿಡಿಸಿತು. ಜೀವಮಾನವಿಡೀ ಆಡಿದರೂ ಅದನ್ನು ಸೋಲಿಸಿದೆ ಅಂತ ಖಚಿತವಾಗಿ ಹೇಳಲು ಆಗದಷ್ಟು ಹತ್ತಿರ. ಅದರ ಆಟದಲ್ಲಿ ಒಂದು ಚೆಂದದ ಸಂಗತಿ ಇದೆ. ಮೊದಲ ಸುತ್ತಿನಲ್ಲಿ ಡೀಲರ್ ಜಾಗದಲ್ಲಿದ್ದಾಗ ಎಂಥ ಎಲೆ ಬಂದರೂ ಅದು ಕೊನೆಯ ಏರಿಕೆ ಹಾಕಿ ಕ್ಯಾಪ್ ಮಾಡುವುದು ಬಹಳ ಅಪರೂಪ. ಇದನ್ನು ಹಿಡಿದುಕೊಂಡು, ನೋಡಿ ಅಡಗಿ ಆಡುವುದೇ ಸರಿ ಅನ್ನುತ್ತಾರೆ. ಆದರೆ ಎಚ್ಚರದಿಂದ ಓದಿ. ಅದು ಇಬ್ಬರ ಆಟ. ಅಲ್ಲಿ ಡೀಲರ್ ಅಂದರೆ ಫ್ಲಾಪಿನಿಂದ ರಿವರ್ ತನಕ ಪ್ರತಿ ಸುತ್ತಿನಲ್ಲೂ ಕೊನೆಯ ಮಾತು ಅವರದು. ಬೇರೆಯವರು ಚೆಕ್ ಮಾಡಿದರೆ ಬೆಟ್ ತಾನೇ ಹಾಕಬಹುದು. ನಮ್ಮ ಬಟನ್ ಲೆಕ್ಕದಲ್ಲಿ ಕಂಡದ್ದೂ ಇದೇ ಅಲ್ವಾ? 

ಬೆಟ್ ಹಾಕುವವರು ಎಡಕ್ಕಿದ್ದಾರಾ, ಬಲಕ್ಕಿದ್ದಾರಾ?

ಫ್ಲಾಪಿನಲ್ಲೇ ದುಡ್ಡು ತೆಗೆಯಬೇಕು ಅಂತ ತೀರ್ಮಾನವಾಯಿತು ಅಂದುಕೊಳ್ಳಿ. ಆಗಲೂ ನೇರ ಬೆಟ್ ಮತ್ತು ಚೆಕ್-ರೇಸ್ ಮಧ್ಯೆ ಆರಿಸಬೇಕು. ಇದು ಕೈಯ ಬಲದಿಂದ ತೀರ್ಮಾನವಾಗುವ ವಿಷಯ ಅಲ್ಲ. ಮೊದಲ ಸುತ್ತಿನಲ್ಲಿ ಏರಿಸಿದವರು ಎಲ್ಲಿ ಕೂತಿದ್ದಾರೆ ಅಂತ ನೋಡಿ.

ಅವರು ನಿಮ್ಮ ಎಡಕ್ಕೇ ಇದ್ದರೆ, ನನ್ನ ಕೈಯಲ್ಲಿ ಇದ್ದ ಹಾಗೆ, ಚೆಕ್ ಮಾಡಿ. ಅವರು ಬೆಟ್ ಹಾಕುತ್ತಾರೆ, ಮಧ್ಯದವರು ಒಂದೊಂದೇ ಬೆಟ್‌ಗೆ ಒಳಗೆ ಬರುತ್ತಾರೆ, ಆಮೇಲೆ ನೀವು ಏರಿಸುತ್ತೀರಿ. ಆಗಲೇ 8 ಕೊಟ್ಟವರು ಇನ್ನೊಂದು 8ಕ್ಕೆ ಹಿಂದೆ ಸರಿಯುವುದು ಕಡಿಮೆ. ಅದೇ ಜಾಗದಿಂದ ನೀವೇ ಬೆಟ್ ಹಾಕಿದರೆ ಎಡಗಡೆಯವರು ಏರಿಸುತ್ತಾರೆ, ಮಧ್ಯದವರ ಮುಂದೆ ಒಮ್ಮೆಗೇ 16 ಬಂದು ನಿಲ್ಲುತ್ತದೆ, ಎಲೆ ಬಿಸಾಕಿ ಹೋಗುತ್ತಾರೆ. ನಿಮಗೆ ಉಳಿಯುವುದು ಒಬ್ಬರು. ನೀವು ಮತ್ತೆ ಏರಿಸಿ ಅವರು ಕಾಲ್ ಮಾಡಿದರೂ 24 ಡಾಲರ್. ಚೆಕ್-ರೇಸ್‌ನಲ್ಲಿ 48 ಬರುತ್ತಿತ್ತು.

ಏರಿಸಿದವರು ಕೊನೆಯಲ್ಲಿ, ಬಟನ್ ಮೇಲೆ ಇದ್ದರೆ ಎಲ್ಲ ತಿರುಗಾಮುರುಗಾ. ಆಗ ಚೆಕ್ ಮಾಡಿದರೆ ಮಧ್ಯದವರೂ ಚೆಕ್ ಮಾಡುತ್ತಾರೆ, ಬಟನ್ ಬೆಟ್ ಹಾಕುತ್ತಾರೆ, ನೀವು ಏರಿಸಿದ ತಕ್ಷಣ ಮಧ್ಯದವರಿಗೆ ಒಮ್ಮೆಗೇ 16. ಹೋಗಿಬಿಡುತ್ತಾರೆ. ಅಲ್ಲಿ ನೀವೇ 8 ಹಾಕಿ. ಮಧ್ಯದವರು ಕಾಲ್ ಮಾಡಲಿ, ಬಟನ್ ಏರಿಸಲಿ. ಈಗ ನೀವು ಮತ್ತೆ ಏರಿಸಿದರೆ ಮಧ್ಯದವರಲ್ಲಿ ಒಬ್ಬರು ಬಿಡಬಹುದು, ಆದರೆ ಅವರ 8 ಡಾಲರ್ ಆಗಲೇ ಪಾಟ್ ಒಳಗಿದೆ, ಒಮ್ಮೆ ದುಡ್ಡು ಹಾಕಿದವರು ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ.

ಫ್ಲಶ್ ಚಿಕ್ಕದಿದ್ದರೆ ಈ ಎರಡನ್ನೂ ಉಲ್ಟಾ ಮಾಡಿ. ಕೈಯಲ್ಲಿ ಆಟೀನ್ ಆರು, ಆಟೀನ್ ಐದು ಇದೆ ಅನ್ನಿ. ಈಗ ಒಂಟಿ ಎಕ್ಕ, ರಾಜ, ಗುಲಾಮ, ಹತ್ತು ಯಾವುದಿದ್ದರೂ ನಾಲ್ಕನೇ ಆಟೀನ್ ಬಂದರೆ (ನಿಮಗೆ ಸ್ಟ್ರೇಟ್ ಫ್ಲಶ್ ಕೊಡುವ ಮೂರು, ಎಂಟು ಬಿಟ್ಟು) ನೀವು ಸೋತ ಹಾಗೆ. ಮೂವರು ಎದುರಾಳಿಗಳ ಕೈಯಲ್ಲಿ ಯಾವ ಎಲೆಯಾದರೂ ಇರಬಹುದು ಅಂತ ಇಟ್ಟುಕೊಂಡರೆ, ಒಬ್ಬರಲ್ಲಾದರೂ ಒಂದು ಆಟೀನ್ ಇರುವ ಸಾಧ್ಯತೆ ಸುಮಾರು ಶೇ. 70. ಎಕ್ಕ ಹಿಡಿದವರು ಹೋಗುವುದಿಲ್ಲ. ಆದರೆ ಒಂಟಿ ಹತ್ತು, ಒಂಟಿ ಒಂಬತ್ತು ಹಿಡಿದವರು ಒಮ್ಮೆಗೇ ಎರಡು ಬೆಟ್ ಬಂದರೆ ಹೋಗುತ್ತಾರೆ. ಅವರು ಹೋಗಲಿ. ಏರಿಸುವವರು ಎಡಕ್ಕಿದ್ದರೆ ನೀವೇ ಬೆಟ್ ಹಾಕಿ ಅವರಿಂದ ಏರಿಸಿ, ಕೊನೆಯಲ್ಲಿದ್ದರೆ ಚೆಕ್-ರೇಸ್ ಮಾಡಿ. ಚಿಕ್ಕ ಫ್ಲಶ್ ಇಟ್ಟುಕೊಂಡು ಕಾಯುವುದನ್ನು ನಾನು ಯಾವ ಜಾಗದಲ್ಲೂ ಒಪ್ಪುವುದಿಲ್ಲ, ಬಟನ್ ಮೇಲೂ ಇಲ್ಲ.

ಫ್ಲಶ್ ಟರ್ನ್‌ನಲ್ಲಿ ತುಂಬಿದರೆ

ಇದು ಜಾಸ್ತಿ ಸಲ ನಡೆಯುವುದು. ಫ್ಲಾಪಿನಲ್ಲಿ ಎರಡು ಆಟೀನ್ ಇತ್ತು, ನಿಮ್ಮ ಕೈಯಲ್ಲಿ ಎರಡು, ಟರ್ನ್‌ನಲ್ಲಿ ಮೂರನೆಯದು ಬಿತ್ತು. ನೀವು ಮೊದಲು ಆಡಬೇಕು. ಫ್ಲಾಪಿನಲ್ಲಿ ಬೆಟ್ ಹಾಕಿದವರು ಹಿಂದಿದ್ದಾರೆ. ಚೆಕ್-ರೇಸ್ ಮಾಡುವ ಆಸೆ ಬಹಳ ಆಗುತ್ತದೆ.

ಇಬ್ಬರು ಎದುರಾಳಿಗಳಿದ್ದರೆ ಲೆಕ್ಕ ಸುಲಭ. ನೀವೇ ಬೆಟ್ ಹಾಕಿದರೆ 32. ಚೆಕ್-ರೇಸ್ ನಡೆದರೆ 64, ನಡೆಯದಿದ್ದರೆ ಸೊನ್ನೆ. ಅಂದರೆ ಅವರು ಅರ್ಧಕ್ಕಿಂತ ಜಾಸ್ತಿ ಸಲ ಬೆಟ್ ಹಾಕಬೇಕು. ಮೂರನೇ ಆಟೀನ್ ಕಣ್ಣಿಗೆ ಹೊಡೆಯುವ ಹಾಗೆ ಬಿದ್ದಿದೆ, ನೀವು ಫ್ಲಾಪಿನಲ್ಲಿ ಕಾಲ್ ಮಾಡಿ ಬಂದಿದ್ದೀರಿ. ಚಿಕ್ಕ ಮೊತ್ತದ ಮೇಜಿನಲ್ಲಿ ಒಂದು ಜೋಡಿ ಹಿಡಿದವರು ಇಲ್ಲಿ ಚೆಕ್ ಮಾಡಿ ಬಿಟ್ಟಿ ಎಲೆ ನೋಡುತ್ತಾರೆ. ಅದೇ ನೀವು ಬೆಟ್ ಹಾಕಿದರೆ, ಫ್ಲಶ್ ಇದ್ದವರು ಇಷ್ಟು ನೇರವಾಗಿ ಬೆಟ್ ಹಾಕುತ್ತಾರಾ ಅಂತ ಅನುಮಾನ ಪಟ್ಟು ಕಾಲ್ ಮಾಡುತ್ತಾರೆ, ರಿವರ್‌ನಲ್ಲೂ ಮಾಡುತ್ತಾರೆ. ನಾನು ಇಲ್ಲಿ ಸುಮಾರು ಎಲ್ಲ ಸಲವೂ ನೇರ ಬೆಟ್ ಹಾಕುತ್ತೇನೆ. ಎದುರಿನವರು ಮೇಜಿನಲ್ಲೇ ಜೋರಿನವರಾದರೆ ಮಾತ್ರ ಚೆಕ್.

ಎಲ್ಲಿ ನಿಲ್ಲಿಸುವುದು

ಎಕ್ಕದ ಫ್ಲಶ್ ಇದ್ದು ಮೇಜಿನ ಮೇಲೆ ಜೋಡಿ ಇಲ್ಲದಿದ್ದರೆ, ಸ್ಟ್ರೇಟ್ ಫ್ಲಶ್‌ಗೆ ಜಾಗವೂ ಇಲ್ಲದಿದ್ದರೆ, ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಕ್ಯಾಪ್ ತನಕ ಹೋಗಿ.

ರಾಜನ ಫ್ಲಶ್‌ನಲ್ಲಿ ಜನ ಬೇಕಾಬಿಟ್ಟಿ ಹೆದರುತ್ತಾರೆ. ಫ್ಲಾಪಿನಲ್ಲಿ ಒಬ್ಬ ಎದುರಾಳಿಯ ಕೈಯಲ್ಲಿ ಎಕ್ಕ ಮತ್ತು ಇನ್ನೊಂದು ಆಟೀನ್ ಇರುವ ಸಾಧ್ಯತೆ, ಯಾವ ಎಲೆ ಬೇಕಾದರೂ ಇರಬಹುದು ಅಂದರೆ, 1081ರಲ್ಲಿ 7. ಶೇ. 1ಕ್ಕಿಂತ ಕಡಿಮೆ. ಮತ್ತೆ ಏರಿಸುವವರ ಹತ್ತಿರ ಸೆಟ್, ಎರಡು ಜೋಡಿ, ಒಂಟಿ ಎಕ್ಕ, ಚಿಕ್ಕ ಫ್ಲಶ್ ಇರುವುದೇ ಜಾಸ್ತಿ. ಹಾಗಾಗಿ ಫ್ಲಾಪಿನಲ್ಲಿ ರಾಜನ ಫ್ಲಶ್ ಇದ್ದರೆ ನಾನು ಕ್ಯಾಪ್ ಮಾಡುತ್ತೇನೆ. ಟರ್ನ್‌ನಲ್ಲಿ ಮೂರನೇ ಬೆಟ್ ತನಕ ಹೋಗುತ್ತೇನೆ. ರಿವರ್‌ನಲ್ಲಿ, ಇಡೀ ಸಂಜೆ ಎಲೆ ಬಿಡುತ್ತಲೇ ಕೂತಿದ್ದವರು ನನ್ನ ಮೂರನೇ ಬೆಟ್ ಮೇಲೆ ನಾಲ್ಕನೆಯದು ಹಾಕಿದರೆ ಬರೀ ಕಾಲ್.

ರಿವರ್‌ನಲ್ಲಿ ಇನ್ನೊಂದು ಸಣ್ಣ ಆಯ್ಕೆ ಇದೆ. ಮುಂದಿನವರು ಬೆಟ್ ಹಾಕಿದ್ದಾರೆ, ನಿಮ್ಮ ಹಿಂದೆ ಇನ್ನೂ ಇಬ್ಬರು ಕೂತಿದ್ದಾರೆ, ನಿಮ್ಮದು ಮಧ್ಯಮ ಫ್ಲಶ್, ಹತ್ತರದ್ದೋ ಗುಲಾಮನದ್ದೋ. ಏರಿಸಿದರೆ ಹಿಂದಿನ ಇಬ್ಬರೂ ಹೋಗುತ್ತಾರೆ, ಮುಂದಿನವರೊಬ್ಬರು 16 ಕೊಡುತ್ತಾರೆ, ಅದೂ ಅವರ ಹತ್ತಿರ ಒಳ್ಳೆಯ ಎಲೆ ಇದ್ದರೆ. ಬರೀ ಕಾಲ್ ಮಾಡಿದರೆ ಹಿಂದಿನ ಇಬ್ಬರಲ್ಲಿ ಒಬ್ಬರು ಬಂದರೂ ಅದೇ 16, ಇಬ್ಬರೂ ಬಂದರೆ 32, ನಿಮ್ಮ ಮೇಲೆ ಯಾರಾದರೂ ಮತ್ತೆ ಏರಿಸುವ ಅಪಾಯವೂ ಕಡಿಮೆ. ಹಿಂದಿನವರು ಎಲೆ ನೋಡದೆ ಬಿಡದ ಜನ ಆಗಿದ್ದರೆ ಕಾಲ್ ಮಾಡಿ. ದೊಡ್ಡ ಫ್ಲಶ್ ಇದ್ದರೆ ಏರಿಸಿ, ಇಲ್ಲಿ ನಾಚಿಕೆ ಬೇಡ.

ಎಲೆ ಬಿಡುವ ಮಾತು ಮಾತ್ರ ಬೇಡ. ಮೇಜಿನ ಮೇಲೆ ಜೋಡಿ ಬಿದ್ದು, ಅಲ್ಲಿಯತನಕ ಸುಮ್ಮನಿದ್ದವರು ದಿಢೀರ್ ಏರಿಸಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಪಾಟ್‌ನಲ್ಲಿ 300 ಡಾಲರ್ ಇದ್ದು ನೀವು ಇನ್ನು ಕೊಡಬೇಕಾದದ್ದು 16 ಆಗಿದ್ದರೆ, ಸುಮಾರು 20 ಸಲಕ್ಕೆ ಒಂದು ಸಲ ಗೆದ್ದರೂ ಆ 16 ವಾಪಸ್ ಬರುತ್ತದೆ. ಅವರು ಮೂರು ಏಳು ಹಿಡಿದು ನಿಮ್ಮ ಫ್ಲಶ್ ನಂಬದೆ ಏರಿಸಿರಬಹುದು, ಚಿಕ್ಕ ಫ್ಲಶ್ ಇರಬಹುದು, ಎಲೆ ತಪ್ಪಾಗಿ ನೋಡಿರಲೂಬಹುದು. ಮಧ್ಯರಾತ್ರಿ ದಾಟಿದ ಮೇಲೆ ಅದೂ ಆಗುತ್ತದೆ.